ಘಟಸ್ಫೋಟವೂ ಲೋಕಯಾತ್ರೆಯೂ: ಪಾತಿತ್ಯದ ಆಶ್ರಯವನ್ನು ಕುರಿತು ಒಂದು ವಿಚಾರ

ಒಬ್ಬನನ್ನು ಪತಿತನೆಂದು ಕರೆಯುವಾಗ ಆ ಪಾತಿತ್ಯವೆಂಬ ಧರ್ಮಕ್ಕೆ ಆಶ್ರಯವಾವುದು? ಅವನ ಕರ್ಮವೆ, ದೇಹವೆ, ಆತ್ಮವೆ, ಅಥವಾ ಅವನನ್ನು ನೋಡುವ ನೆರೆಹೊರೆಯವರ ಬುದ್ಧಿಯೆ? ತರ್ಕಸಂಗ್ರಹದ ಬಾಗಿಲನ್ನಾದರೂ ದಾಟಿದವರಿಗೆ ಈ ಪ್ರಶ್ನೆಯು ಇನ್ನೊಂದು ರೂಪದಲ್ಲಿಯೂ ತೋರುವುದು. ಘಟತ್ವವು ಜಾತಿ, ಘಟವಿರುವವರೆಗೂ ಅದನ್ನು ಬಿಟ್ಟಿರದು. ಪಾಚಕತ್ವವಾದರೋ ಉಪಾಧಿ, ಅಡಿಗೆಯ ಕ್ರಿಯೆಯನ್ನು ನಿಮಿತ್ತವಾಗಿಟ್ಟುಕೊಂಡು ಒಬ್ಬನಿಗೆ ಬಂದ ಹೆಸರು. ಪಾತಿತ್ಯವು ಇವೆರಡರಲ್ಲಿ ಯಾವುದರಂತೆ? ಈ ಪ್ರಶ್ನೆಗೆ ಧರ್ಮಶಾಸ್ತ್ರಕಾರರು ಲಕ್ಷಣವಾಕ್ಯದಿಂದ ಉತ್ತರ ಕೊಟ್ಟಿಲ್ಲ; ಒಂದು ಕ್ರಿಯೆಯಿಂದ ಕೊಟ್ಟಿದ್ದಾರೆ. ಆ ಕ್ರಿಯೆಗೆ ಘಟಸ್ಫೋಟವೆಂದು ಹೆಸರು. ಜನರು ದಿನನಿತ್ಯವೂ ಪರಸ್ಪರ ನಡೆಸುವ ಮಾತುಕತೆ, ಉಣಿಸು, ಕೊಳುಕೊಡೆಗಳೇ ಒಬ್ಬನ ಸ್ವರೂಪವನ್ನೂ ದೋಷವನ್ನೂ ನಿರ್ಮಿಸುತ್ತವೆಯೆಂದು ಕಳೆದ ನೂರು ವರ್ಷಗಳಲ್ಲಿ ಪಾಶ್ಚಾತ್ಯ ಸಮಾಜಶಾಸ್ತ್ರಜ್ಞರು ವಿಸ್ತಾರವಾಗಿ ಪ್ರತಿಪಾದಿಸಿರುವರಷ್ಟೆ. ಆ ವಾದವನ್ನು ನಮ್ಮ ಗ್ರಂಥಗಳ ಪಕ್ಕದಲ್ಲಿಟ್ಟು ನೋಡುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಕ್ರಿಯೆಯ ಸ್ವರೂಪವನ್ನು ನೋಡೋಣ. ಗೌತಮಧರ್ಮಸೂತ್ರದ ಇಪ್ಪತ್ತನೆಯ ಅಧ್ಯಾಯ, ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯ, ಯಾಜ್ಞವಲ್ಕ್ಯಸ್ಮೃತಿಯ ಪ್ರಾಯಶ್ಚಿತ್ತಾಧ್ಯಾಯ ಈ ಮೂರೂ ಕಡೆಗಳಲ್ಲಿ ಇದರ ವಿಧಿಯು ದೊರೆಯುತ್ತದೆ. ಮಹಾಪಾತಕವನ್ನು ಮಾಡಿ ಪ್ರಾಯಶ್ಚಿತ್ತಕ್ಕೊಡಂಬಡದವನ ಸಪಿಂಡರೂ ಬಾಂಧವರೂ ಊರ ಹೊರಗೆ ನಿಂದಿತವಾದೊಂದು ದಿನದ ಸಾಯಂಕಾಲ ಗುರುಗಳ ಮತ್ತು ಋತ್ವಿಜರ ಸಮ್ಮುಖದಲ್ಲಿ ಸೇರಬೇಕು. ಗೌತಮನ ಮತದಲ್ಲಿ ತಿಪ್ಪೆಯಿಂದ ತಂದ ಹೊಲಸು ಪಾತ್ರೆಗೆ ದಾಸಿಯ ಕೊಡದ ನೀರನ್ನು ತುಂಬಿ, ದಕ್ಷಿಣಾಭಿಮುಖವಾಗಿ ಅದನ್ನು ಕಾಲಿನಿಂದ ಕೆಡವಬೇಕು. ಕೆಡವುವಾಗ ಪತಿತನ ಹೆಸರನ್ನು ಹಿಡಿದು, ಇವನಿಗೆ ಇನ್ನು ನೀರಿಲ್ಲವೆಂದು ಸಾರಬೇಕು. ಬಂಧುಗಳು ಕೂದಲು ಬಿಚ್ಚಿ, ಜನಿವಾರವನ್ನು ಅಪಸವ್ಯವಾಗಿ ಧರಿಸಿರುವರು. ಬಳಿಕ ಸ್ನಾನಮಾಡಿ ಊರನ್ನು ಹೊಗುವರು. ಒಟ್ಟಿನಲ್ಲಿ ಇದು ಬದುಕಿರುವವನಿಗೆ ಮಾಡುವ ಪ್ರೇತಕರ್ಮ. ಪತಿತನು ಆ ಸ್ಥಳದಲ್ಲಿರಬೇಕೆಂಬ ನಿಯಮವೇ ಇಲ್ಲವೆಂಬುದನ್ನು ಗಮನಿಸಬೇಕು. ಅವನ ಮೈಮೇಲೆ ಏನನ್ನೂ ಮಾಡುವುದಿಲ್ಲ. ಬದಲಾವಣೆಯೆಲ್ಲವೂ ನೆರೆದವರಲ್ಲಿ ನಡೆಯುತ್ತದೆ.

ಆ ಬದಲಾವಣೆ ಯಾವುದೆಂಬುದನ್ನು ಮನುವು ಎಣಿಸಿಯೇ ಹೇಳಿರುವನು. ಅಂದಿನಿಂದ ಅವನೊಡನೆ ಸಂಭಾಷಣೆ ನಿಲ್ಲತಕ್ಕದ್ದು, ಒಂದೇ ಆಸನದಲ್ಲಿ ಕುಳಿತುಕೊಳ್ಳುವುದು ನಿಲ್ಲತಕ್ಕದ್ದು, ದಾಯಭಾಗ ನಿಲ್ಲತಕ್ಕದ್ದು, ಕಡೆಯದಾಗಿ ಲೋಕಯಾತ್ರೆಯು ನಿಲ್ಲತಕ್ಕದ್ದು. ಈ ಲೋಕಯಾತ್ರಾಶಬ್ದವು ಬಹು ಸ್ವಾರಸ್ಯವಾದುದು. ಅಕ್ಷರಾರ್ಥದಲ್ಲಿ ಲೋಕದ ನಡೆ. ವಿವಾಹಾದಿಗಳಿಗೆ ಕರೆಯುವುದು, ಹಬ್ಬಕ್ಕೆ ಹೋಗಿಬರುವುದು, ದಾರಿಯಲ್ಲಿ ಸಿಕ್ಕಿದರೆ ಕುಶಲವನ್ನು ಕೇಳುವುದು, ಇಂಥ ಸಣ್ಣ ಸಣ್ಣ ವ್ಯವಹಾರಗಳೆಲ್ಲವೂ ಅದರಲ್ಲಿ ಅಡಗಿವೆ. ರಾಜದಂಡದ ಮಾತು ಇಲ್ಲೆಲ್ಲಿಯೂ ಇಲ್ಲ, ಕಾರಾಗೃಹವಿಲ್ಲ, ಅಂಕನವಿಲ್ಲ. ನಾಲ್ಕು ನಿತ್ಯವ್ಯವಹಾರಗಳನ್ನು ಹಿಂದಕ್ಕೆ ತೆಗೆದುಕೊಂಡರೆ ಮನುಷ್ಯನು ಸತ್ತಂತಾಗುವನೆಂದು ಶಾಸ್ತ್ರಕಾರನು ಬಲ್ಲನು. ಹಾಗಾದರೆ ಆ ನಾಲ್ಕರಿಂದಲೇ ಅವನು ಬದುಕಿದ್ದನೆಂಬುದು ಅರ್ಥಾಪತ್ತಿಯಿಂದ ಸಿದ್ಧವಾಯಿತಲ್ಲವೆ?

ಸಂಸರ್ಗದ ಪ್ರಕರಣವು ಇದನ್ನೇ ದೃಢಪಡಿಸುತ್ತದೆ. ಪತಿತನೊಡನೆ ಒಂದು ವರ್ಷ ಕೂಡಿ ನಡೆದವನು ತಾನೂ ಪತಿತನಾಗುವನೆಂದು ಸ್ಮೃತಿಗಳ ಮತ. ಯಾಜನ, ಅಧ್ಯಾಪನ, ವಿವಾಹಸಂಬಂಧ ಇವು ಒಂದು ಕಡೆ. ಒಂದೇ ವಾಹನವನ್ನೇರುವುದು, ಒಂದೇ ಆಸನದಲ್ಲಿ ಕೂರುವುದು, ಒಟ್ಟಿಗೆ ಉಣ್ಣುವುದು ಇನ್ನೊಂದು ಕಡೆ. ಇವುಗಳ ನಡುವೆ ಮನುಶ್ಲೋಕವಿಡುವ ನಿಷೇಧಪದವನ್ನು ಎಲ್ಲಿಗೆ ಅನ್ವಯಿಸಬೇಕೆಂಬ ಚರ್ಚೆಯುಂಟು. ಕುಲ್ಲೂಕಭಟ್ಟನ ಪಕ್ಷದಲ್ಲಿ ಯಾಜನಾದಿಗಳಿಂದ ಪತನವು ಕೂಡಲೇ ಉಂಟಾಗುವುದು, ಯಾನಾಸನಭೋಜನಗಳಿಂದ ಒಂದು ವರ್ಷಕ್ಕೆ. ಅಂದರೆ ದಿನದಿನದ ಊಟವೂ ಕೂರುವಿಕೆಯೂ ಸ್ವಲ್ಪಸ್ವಲ್ಪವಾಗಿ ಶೇಖರವಾಗಿ ಮುನ್ನೂರರುವತ್ತು ದಿನಗಳಲ್ಲಿ ಒಬ್ಬನನ್ನು ಬೇರೊಬ್ಬನನ್ನಾಗಿ ಮಾಡುತ್ತವೆ. ಇಲ್ಲಿ ಸಂಸರ್ಗಿಯು ಯಾವ ಪಾತಕವನ್ನೂ ಮಾಡಿಲ್ಲ. ಕೂತು ಉಂಡಿದ್ದಾನೆ, ಅಷ್ಟೇ. ಶ್ರಾದ್ಧಪ್ರಕರಣದ ಪರಿಭಾಷೆಯೂ ಇಂಥದೇ. ಅಪಾಂಕ್ತೇಯ, ಪಂಕ್ತಿಪಾವನ ಎಂಬ ಶಬ್ದಗಳು ಮನುಷ್ಯನ ಯೋಗ್ಯತೆಯನ್ನು ಹೇಳುವುದಕ್ಕೆ ಅವನು ಎಲೆಯ ಸಾಲಿನಲ್ಲಿ ಕೂರುವ ಜಾಗವನ್ನೇ ಹಿಡಿದಿವೆ. ನಮ್ಮ ಕನ್ನಡದ ಪಂಕ್ತಿಭೇದವೆಂಬ ಮಾತೂ ಅಲ್ಲಿಂದಲೇ ಬಂದುದು.

ಎಲೆಯ ಸಾಲಿನ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಿಬಿಡುತ್ತೇವೆ. ನಾವು ಓದುತ್ತಿದ್ದ ಪಾಠಶಾಲೆಯಲ್ಲಿ ಒಮ್ಮೆ ಉಗ್ರಾಣದ ಬೆಲ್ಲ ಕಡಿಮೆಯಾಯಿತು. ಒಬ್ಬ ಹುಡುಗನ ಮೇಲೆ ಸಂಶಯ ಬಂದಿತು. ಯಾರೂ ವಿಚಾರಿಸಲಿಲ್ಲ, ಯಾರೂ ಹೊಡೆಯಲಿಲ್ಲ. ಅವನ ಎಲೆ ಮಾತ್ರ ಸಾಲಿನ ಕೊನೆಗೆ ಹೋಯಿತು. ಸಂತೆ ಹೇಳುವಾಗ ಅವನ ಜೊತೆಗೆ ಕೂರುವವರಿಲ್ಲವಾದರು. ಅವನು ಒಳಗೆ ಬಂದರೆ ಹುಡುಗರು ತಮ್ಮ ಪೆಟ್ಟಿಗೆಗಳ ಕಡೆ ನೋಡುತ್ತಿದ್ದರು. ಆರು ತಿಂಗಳ ಮೇಲೆ ಒಬ್ಬನ ಪೆಟ್ಟಿಗೆಯಿಂದ ಹಣ ತೆಗೆಯುತ್ತಿದ್ದಾಗ ಅವನು ಸಿಕ್ಕಿಬಿದ್ದನು. ಆಗ ನಾವೆಲ್ಲರೂ, ಅವನು ಮೊದಲಿನಿಂದಲೂ ಹಾಗೆಯೇ ಎಂದೆವು. ಬೆಲ್ಲವನ್ನು ತೆಗೆದವನು ಬೇರೆಯವನೆಂದು ಬಹುಕಾಲದ ಮೇಲೆ ತಿಳಿಯಿತು. ಪೆಟ್ಟಿಗೆಯ ಕಡೆ ನೋಡಿದವರಲ್ಲಿ ನಾವೂ ಒಬ್ಬರು.

ಈ 'ಮೊದಲಿನಿಂದಲೂ' ಎಂಬ ಶಬ್ದವನ್ನು ಕುರಿತು ಅಮೆರಿಕೆಯ ಹೆರಾಲ್ಡ್ ಗಾರ್ಫಿಂಕಲ್ ಎಂಬ ಪಂಡಿತನು ೧೯೫೬ರಲ್ಲಿ ಒಂದು ಚಿಕ್ಕ ಪ್ರಬಂಧವನ್ನು ಬರೆದನು. ಒಬ್ಬನನ್ನು ಸಮಾಜದಲ್ಲಿ ಕೆಳಗಿಳಿಸುವ ಕ್ರಿಯೆಗಳು ಫಲಿಸಬೇಕಾದರೆ ಯಾವ ಯಾವ ಅಂಗಗಳು ಕೂಡಬೇಕೆಂಬುದು ಅದರ ವಿಷಯ. ಸಾಕ್ಷಿಗಳು ಬೇಕು, ಆಪಾದಿಸುವವನು ಸ್ವಂತ ದ್ವೇಷದಿಂದ ಮಾತನಾಡದೆ ಸಮಸ್ತರ ಪರವಾಗಿ ಮಾತನಾಡುವವನೆಂದು ತೋರಬೇಕು, ಆಪಾದಿತನನ್ನು ಅವನ ಸಹಜಸ್ಥಾನದಿಂದ ಬೇರ್ಪಡಿಸಬೇಕು, ಎಲ್ಲಕ್ಕಿಂತ ಹೆಚ್ಚಾಗಿ, ಈಗ ಕಾಣುವ ರೂಪವೇ ಅವನ ನಿಜವಾದ ರೂಪ, ಹಿಂದಿನದು ಬರಿಯ ತೋರಿಕೆ ಎಂಬ ಬುದ್ಧಿಯು ನೋಡುವವರಲ್ಲಿ ಹುಟ್ಟಬೇಕು. ಇದಕ್ಕೂ ಮೊದಲು ೧೯೦೨ರಲ್ಲಿ ಕೂಲಿ ಎಂಬವನು, ಮನುಷ್ಯನು ತನ್ನನ್ನು ತಾನು ಇತರರ ಕಣ್ಣಿನ ಕನ್ನಡಿಯಲ್ಲಿ ನೋಡಿಕೊಂಡೇ ಅರಿಯುತ್ತಾನೆಂದು ಹೇಳಿದ್ದನು. ೧೯೫೧ರಲ್ಲಿ ಲೆಮರ್ಟ್ ಎಂಬವನು ದೋಷವನ್ನು ಎರಡಾಗಿ ವಿಂಗಡಿಸಿದನು: ಯಾವುದೋ ಕಾರಣದಿಂದ ಮೊದಲು ಘಟಿಸುವ ತಪ್ಪು ಒಂದು, ಜನರ ವರ್ತನೆಗೆ ಪ್ರತಿಯಾಗಿ ತಾನು ಅಂಥವನೇ ಎಂದೊಪ್ಪಿಕೊಂಡು ನಡೆಯುವ ಬಾಳು ಇನ್ನೊಂದು. ೧೯೬೩ರಲ್ಲಿ ಹೊವರ್ಡ್ ಬೆಕರನು ಇನ್ನೂ ಮುಂದೆ ಹೋಗಿ, ದೋಷಿಯೆಂಬ ಹೆಸರು ಯಾರಿಗೆ ಅಂಟಿಕೊಂಡಿತೋ ಅವನೇ ದೋಷಿಯೆಂದನು. ಅದೇ ವರ್ಷ ಅರ್ವಿಂಗ್ ಗಾಫ್‌ಮನ್ನನು ಕಳಂಕವನ್ನು ಕುರಿತು ಬರೆದ ಪುಸ್ತಕದಲ್ಲಿ, ಕಳಂಕವೆಂಬುದು ಒಂದು ಗುಣವಲ್ಲ, ಸಂಬಂಧವೆಂದು ನಿರೂಪಿಸಿದನು. ನೈಯಾಯಿಕರ ಕಿವಿಗೆ ಈ ಕಡೆಯ ಮಾತು ಇಂಪಾಗಿ ಕೇಳುವುದರಲ್ಲಿ ಸಂಶಯವಿಲ್ಲ.

ಬೆಕರನ ಮಾತನ್ನು ನಾವು ಪೂರ್ತಿಯಾಗಿ ಒಪ್ಪಲಾರೆವು. ಕೊಲೆಯಾದವನಿಗೆ ಕೊಲೆಯೆಂಬುದು ಬರಿಯ ಹೆಸರಲ್ಲ. ಆದರೆ ಗಾರ್ಫಿಂಕಲನ ಲಕ್ಷಣವನ್ನು ಘಟಸ್ಫೋಟಕ್ಕೆ ಹಚ್ಚಿ ನೋಡಿದಾಗ ಬಹುಮಟ್ಟಿಗೆ ಹೊಂದಿ, ಒಂದು ಕಡೆ ಮಾತ್ರ ಹೊಂದದೆ ಹೋಗುವುದು ಗಮನಾರ್ಹ. ಸಾಕ್ಷಿಗಳಿದ್ದಾರೆ, ಸಮಸ್ತರ ಪರವಾದ ಘೋಷಣೆಯಿದೆ, ಬೇರ್ಪಡಿಕೆಯಿದೆ. ಆದರೆ 'ಇವನು ಮೊದಲಿನಿಂದಲೂ ಹೀಗೆಯೇ' ಎಂದು ಸ್ಮೃತಿಯು ಹೇಳುವುದಿಲ್ಲ. ಇವನು ಸತ್ತನೆಂದು ಹೇಳುತ್ತದೆ. ಸತ್ತವನು ಸಾಯುವವರೆಗೂ ನಮ್ಮವನಾಗಿಯೇ ಇದ್ದನು. ಅವನ ಹಿಂದಿನ ಬಾಳನ್ನು ಶಾಸ್ತ್ರವು ತಿದ್ದಿ ಬರೆಯುವುದಿಲ್ಲ. ಆದುದರಿಂದಲೇ ಅವನು ಮರಳಿ ಬರುವುದಕ್ಕೂ ಅಲ್ಲಿ ವಿಧಿಯಿದೆ.

ಪ್ರಾಯಶ್ಚಿತ್ತವನ್ನಾಚರಿಸಿ ಬಂದವನೊಡನೆ ಅದೇ ಬಾಂಧವರು ಪುಣ್ಯಜಲಾಶಯದಲ್ಲಿ ಸ್ನಾನಮಾಡಿ ಹೊಸ ಕೊಡವನ್ನು ನೀರಿನಲ್ಲಿ ಹಾಕಬೇಕೆಂದು ಮನು. ಪುಣ್ಯತಮವಾದ ಮಡುವಿನಿಂದಾಗಲಿ ನದಿಯಿಂದಾಗಲಿ ಚಿನ್ನದ ಪಾತ್ರೆಯಲ್ಲಿ ನೀರನ್ನು ತುಂಬಿ ಅವನಿಗೆ ಮುಟ್ಟಿಸಬೇಕೆಂದು ಗೌತಮ. ತಿಪ್ಪೆಯ ಪಾತ್ರೆಗೆ ಚಿನ್ನದ ಪಾತ್ರೆಯು ಪ್ರತಿಯಾಗಿ ನಿಂತಿರುವುದನ್ನು ನೋಡಿರಿ. ಯಾಜ್ಞವಲ್ಕ್ಯನು ಇನ್ನೂ ಒಂದು ಹೆಜ್ಜೆ ಮುಂದಿಡುತ್ತಾನೆ. ಬಂದವನ ವಿಷಯದಲ್ಲಿ ಜುಗುಪ್ಸೆಪಡಬಾರದು, ಎಲ್ಲ ವಿಧದಲ್ಲಿಯೂ ಅವನೊಡನೆ ಬಾಳಬೇಕು ಎಂಬುದು ಅವನ ವಿಧಿ. ಈ ಸ್ಮೃತಿಗೆ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳ್ವಿಕೆಯಲ್ಲಿದ್ದವನೆಂಬುದನ್ನು ಕನ್ನಡಿಗರು ಮರೆಯಲಾರರು. ಜುಗುಪ್ಸೆಯು ಮನೋವೃತ್ತಿ. ಅದನ್ನು ವಿಧಿಯಿಂದ ನಿವಾರಿಸಬಹುದೆ? ಮುಖದ ಮೇಲೆ, ಮಾತಿನಲ್ಲಿ, ಎಲೆಯನ್ನು ಹಾಕುವ ಸ್ಥಳದಲ್ಲಿ ಅದು ತೋರದಂತೆ ಮಾಡಬಹುದು. ಶಾಸ್ತ್ರವು ಬೇಡುವುದು ಅಷ್ಟನ್ನೇ ಎಂದು ನಮಗೆ ತೋರುತ್ತದೆ. ಶಾಸ್ತ್ರಕ್ಕೂ ಇದರ ಮಿತಿ ಗೊತ್ತಿತ್ತು. ಮಕ್ಕಳನ್ನು ಕೊಂದವನು, ಸ್ತ್ರೀಘಾತಕ, ಶರಣುಬಂದವನನ್ನು ಕೊಂದವನು, ಕೃತಘ್ನ ಇವರು ಧರ್ಮತಃ ಶುದ್ಧರಾದರೂ ಇವರೊಡನೆ ವಾಸಿಸಬಾರದೆಂದು ಮುಂದಿನ ವಾಕ್ಯವಿದೆ. ಶುದ್ಧಿ ಬೇರೆ, ಸಹವಾಸ ಬೇರೆ ಎಂದು ಇಲ್ಲಿ ಬಾಯಿಬಿಟ್ಟು ಹೇಳಿದಂತಾಯಿತು. ಪಾತಿತ್ಯದ ಆಶ್ರಯವು ಪತಿತನ ಆತ್ಮವೊಂದೇ ಆಗಿದ್ದರೆ ಈ ವಾಕ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಸಾಹಿತ್ಯಾಧ್ಯಾಪಕರಿಗೆ ಇದರ ಉದಾಹರಣೆಯನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಆದಿಪರ್ವದ ರಂಗಪ್ರಸಂಗದಲ್ಲಿ ಕರ್ಣನು ಅರ್ಜುನನು ತೋರಿಸಿದ ವಿದ್ಯೆಯನ್ನೆಲ್ಲ ತಾನೂ ತೋರಿಸುತ್ತಾನೆ. ಅವನ ಬಾಣದಲ್ಲಿ ದೋಷವಿಲ್ಲ. ಕೃಪನು ತಾಯಿತಂದೆಗಳ ಹೆಸರನ್ನೂ ಕುಲವನ್ನೂ ಕೇಳಿದ ಕೂಡಲೇ ತಲೆ ತಗ್ಗುತ್ತದೆ. ದುರ್ಯೋಧನನು ಅಂಗರಾಜ್ಯವನ್ನು ಕೊಟ್ಟು ಅಭಿಷೇಕ ಮಾಡಿಸಿದ ಕೂಡಲೇ ಏಳುತ್ತದೆ. ಬೆವರುತ್ತ ನಡುಗುತ್ತ ಅಧಿರಥನು ಬಂದಾಗ ಅಭಿಷೇಕದ ನೀರಿನಿಂದ ಒದ್ದೆಯಾದ ಅದೇ ತಲೆಯನ್ನು ಅವನ ಕಾಲಿಗೆ ಬಾಗಿಸುತ್ತಾನೆ. ಭೀಮನು ಚಾವಟಿಯನ್ನು ಹಿಡಿಯೆಂದು ಹಂಗಿಸುತ್ತಾನೆ. ಒಂದೇ ಅಪರಾಹ್ಣದಲ್ಲಿ ಒಬ್ಬನೇ ಮನುಷ್ಯನು ಅನಾಮಿಕನೂ ರಾಜನೂ ಸೂತಪುತ್ರನೂ ಆದನು. ಈ ಮೂರನ್ನೂ ಮಾಡಿದವು ಪರರ ಮಾತುಗಳು. ನಿಜವನ್ನು ಬಲ್ಲವಳೊಬ್ಬಳೇ, ಅವಳು ಮೂರ್ಛೆಹೋದಳು, ಮಾತಾಡಲಿಲ್ಲ. ೯೪೧ರ ಸುಮಾರಿಗೆ ಪಂಪನು ಈ ಕರ್ಣನಿಗೆ ತನ್ನ ಕಾವ್ಯದಲ್ಲಿ ಕೊಟ್ಟ ಗೌರವವನ್ನು ನಾವಿಲ್ಲಿ ವಿವರಿಸಬೇಕಾಗಿಲ್ಲ.

ಮಾತಿನ ಶಕ್ತಿಗೆ ಇದಕ್ಕಿಂತ ಕಠೋರವಾದ ನಿದರ್ಶನವು ಕೇರಳದ ಸ್ಮಾರ್ತವಿಚಾರದಲ್ಲಿದೆ. ನಂಬೂದಿರಿ ಸ್ತ್ರೀಯ ಶೀಲದ ಮೇಲೆ ಸಂಶಯ ಬಂದರೆ ವಿಚಾರಣೆಯ ಕಾಲದಲ್ಲಿ ಅವಳನ್ನು ಸ್ತ್ರೀಯೆಂದು ಕರೆಯದೆ 'ಸಾಧನಂ' ಎಂದು ಕರೆಯುತ್ತಿದ್ದರು, ಅಂದರೆ ವಸ್ತು. ತೀರ್ಪಿಗೆ ಮೊದಲೇ ವ್ಯಾಕರಣವು ತೀರ್ಪನ್ನು ಕೊಟ್ಟಿರುತ್ತಿತ್ತು. ೧೯೦೫ರಲ್ಲಿ ಕೊಚ್ಚಿ ಸಂಸ್ಥಾನದಲ್ಲಿ ನಡೆದ ಕುರಿಯೇಡತ್ತ್ ತಾತ್ರಿಯ ವಿಚಾರಣೆಯಲ್ಲಿ ಅವಳು ಅರುವತ್ತನಾಲ್ಕು ಮಂದಿ ಗಂಡಸರ ಹೆಸರನ್ನು ಹೇಳಿದಳೆಂಬುದು ಪ್ರಸಿದ್ಧ. ಅವರಿಗೂ ಬಹಿಷ್ಕಾರವಾಯಿತು. ನಮ್ಮಲ್ಲಿ ಅನಂತಮೂರ್ತಿಯವರ 'ಘಟಶ್ರಾದ್ಧ' ಕಥೆಯನ್ನೋದಿದವರಿಗೆ, ಅಥವಾ ೧೯೭೭ರಲ್ಲಿ ಗಿರೀಶ ಕಾಸರವಳ್ಳಿಯವರು ಅದರಿಂದ ಮಾಡಿದ ಚಲಚ್ಚಿತ್ರವನ್ನು ನೋಡಿದವರಿಗೆ, ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧವಿಡುವುದೆಂದರೇನೆಂದು ತಿಳಿದಿದೆ. ಅದೇ ಲೇಖಕರ 'ಸಂಸ್ಕಾರ' (೧೯೬೫) ಕಾದಂಬರಿಯಲ್ಲಿ ಸಮಸ್ಯೆಯು ತಿರುಗುಮುರುಗಾಗಿದೆ. ನಾರಣಪ್ಪನು ಆಚಾರವನ್ನೆಲ್ಲ ಬಿಟ್ಟವನು, ಆದರೆ ಅಗ್ರಹಾರದವರು ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಕೊಡವನ್ನು ಕೆಡವದಿದ್ದುದರಿಂದ ಹೆಣವು ಬ್ರಾಹ್ಮಣನದಾಗಿಯೇ ಉಳಿಯಿತು. ಕರ್ಮಗಳು ಎಷ್ಟೇ ಇದ್ದರೂ ಪಾತಿತ್ಯವನ್ನು ಹುಟ್ಟಿಸುವುದು ಜನರ ಕ್ರಿಯೆಯೆಂಬುದಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆ ನಮಗೆ ತೋರದು. ಹೆಣ್ಣುಮಕ್ಕಳಿಗೆ ಮಾತ್ರ ಕೊಡವು ಬೇಗ ಬೀಳುತ್ತಿತ್ತೆಂಬುದೂ ಈ ಎರಡು ಕೃತಿಗಳನ್ನು ಜೊತೆಯಲ್ಲಿಟ್ಟರೆ ಕಾಣುತ್ತದೆ. ಮನುವಾದರೋ ಪತಿತೆಯಾದವಳಿಗೂ ಅನ್ನವಸ್ತ್ರಗಳನ್ನು ಕೊಟ್ಟು ಮನೆಯ ಸಮೀಪದಲ್ಲಿಯೇ ಇರಿಸಬೇಕೆಂದಿದ್ದನು; ಲೋಕಾಚಾರವು ಆ ವಾಕ್ಯವನ್ನು ಓದಲಿಲ್ಲ.

ಆಂಗ್ಲರ ಕಾಲದ ಶಾಸನಗಳು ಈ ವಿಷಯದಲ್ಲಿ ಎರಡು ವಿರುದ್ಧ ದಾರಿಗಳನ್ನು ಹಿಡಿದುವು. ೧೮೫೦ರ ೨೧ನೆಯ ಶಾಸನದಿಂದ, ಜಾತಿಯಿಂದ ಹೊರಗಾದವನ ದಾಯಭಾಗವು ತಪ್ಪಲಾರದೆಂದು ಗೊತ್ತಾಯಿತು. ಮನುವು ಎಣಿಸಿದ ನಾಲ್ಕರಲ್ಲಿ ಒಂದನ್ನು ನ್ಯಾಯಸ್ಥಾನವು ಕಿತ್ತುಕೊಂಡಿತು; ಉಳಿದ ಮೂರು ಅದರ ಕೈಗೆ ಸಿಕ್ಕಲಿಲ್ಲ. ಮುಂದೆ ೧೯೪೯ರಲ್ಲಿ ಮುಂಬಯಿ ಪ್ರಾಂತವು, ಆಗ ಧಾರವಾಡವೂ ಅದರಲ್ಲಿ ಸೇರಿತ್ತು, ಬಹಿಷ್ಕಾರವನ್ನೇ ನಿಷೇಧಿಸಿತು. ೧೯೬೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ದಾವೂದಿ ಬೋಹರಾ ಪಂಗಡದ ಗುರುಗಳ ಅರ್ಜಿಯ ಮೇಲೆ ಆ ಶಾಸನವನ್ನು ರದ್ದುಮಾಡಿತು. ಮಾತನಾಡಬೇಕೆಂದು ಯಾರನ್ನಾದರೂ ನಿರ್ಬಂಧಪಡಿಸುವುದು ಸುಲಭವಲ್ಲ.

ಎರಡನೆಯ ದಾರಿಯು ೧೮೭೧ರ ಅಪರಾಧಿ ಬುಡಕಟ್ಟುಗಳ ಶಾಸನ. ಇದು ೧೯೧೧ರಲ್ಲಿ ಮತ್ತು ೧೯೨೪ರಲ್ಲಿ ಹೊಸದಾಗಿ ರಚಿತವಾಗಿ, ಸ್ವತಂತ್ರಭಾರತದಲ್ಲಿ ೧೯೫೨ರಲ್ಲಿ ಹೋಯಿತು. ಒಂದು ಬುಡಕಟ್ಟನ್ನೇ ಅಪರಾಧಿಯೆಂದು ಸರಕಾರವು ಪ್ರಕಟಿಸುವುದು. ಆ ಪ್ರಕಟಣೆಯ ಯುಕ್ತಾಯುಕ್ತತೆಯನ್ನು ಯಾವ ನ್ಯಾಯಸ್ಥಾನವೂ ಕೇಳಲಾಗದು. ಪಟ್ಟಿಯಲ್ಲಿ ಹೆಸರು ಬಂದವನು ಗೊತ್ತಾದ ವೇಳೆಗೆ ಹಾಜರಿ ಕೊಡಬೇಕು. ಅಪ್ಪಣೆಯಿಲ್ಲದೆ ಎಲ್ಲೆಯನ್ನು ದಾಟಿದರೆ ಅದೇ ಅಪರಾಧ. ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಇಂಥವರಿಗಾಗಿ ವಸಾಹತುಗಳಿದ್ದುವು. ಹುಬ್ಬಳ್ಳಿಯ ಆ ಪ್ರದೇಶವನ್ನು ಜನರು ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿ ಉಪಾಧಿಯನ್ನು ಜಾತಿಯನ್ನಾಗಿ ಮಾಡಲಾಯಿತು. ಕದ್ದದ್ದರಿಂದ ಕಳ್ಳನೆಂಬುದು ಉಪಾಧಿ. ಕಳ್ಳರ ಕುಲದಲ್ಲಿ ಹುಟ್ಟಿದುದರಿಂದ ಕಳ್ಳನೆಂಬುದು ಜಾತಿ. ಉಪಾಧಿಯು ನಿಮಿತ್ತ ಹೋದರೆ ಹೋಗುತ್ತದೆ, ಜಾತಿಗೆ ಪ್ರಾಯಶ್ಚಿತ್ತವೆಲ್ಲಿಯದು? ೧೯೫೨ರ ತರುವಾಯ ಈ ಜನರಿಗೆ 'ವಿಮುಕ್ತ'ರೆಂದು ಹೆಸರಾಯಿತು. ಅಭಾವಜ್ಞಾನಕ್ಕೆ ಪ್ರತಿಯೋಗಿಯ ಜ್ಞಾನವು ಕಾರಣವೆಂದು ನೈಯಾಯಿಕರು ಹೇಳುತ್ತಾರೆ. ವಿಮುಕ್ತನೆಂದೊಡನೆ, ಯಾವುದರಿಂದ ಎಂಬ ಪ್ರಶ್ನೆ ಬಂದೇ ಬರುತ್ತದೆ; ಬಿಡಿಸಿದ ಹೆಸರೇ ಸಂಕೋಲೆಯನ್ನು ಜ್ಞಾಪಿಸುತ್ತದೆ.

ಇಷ್ಟು ಹೇಳಿ ಶಾಸ್ತ್ರವನ್ನು ಹೊಗಳಿ ಲೇಖನಿಯನ್ನು ಕೆಳಗಿಡುವುದು ನಮ್ಮಂಥವರಿಗೆ ಹಿತವಾಗಿರುತ್ತಿತ್ತು. ಆದರೆ ಅದು ಪ್ರಾಮಾಣಿಕವಾಗದು. ಚಿನ್ನದ ಪಾತ್ರೆಯು ಸಾಲಿನಲ್ಲಿ ಒಮ್ಮೆ ಕುಳಿತು ಎದ್ದವನಿಗೆ ಮಾತ್ರ. ಸಾಲಿನಲ್ಲಿ ಎಂದೂ ಕೂರಗೊಡದವನಿಗೆ ಕೆಡವುವ ಕೊಡವೂ ಇಲ್ಲ, ತುಂಬುವ ಕೊಡವೂ ಇಲ್ಲ. ಚಂಡಾಲನು ಯಾವ ಪಾತಕವನ್ನು ಮಾಡಿದನು? ಸ್ಮೃತಿಯು ಅವನ ದೋಷವನ್ನು ಜನ್ಮದಲ್ಲಿಟ್ಟು, ಸಂಭಾಷಣ ಸಹಾಸನಗಳ ನಿಷೇಧವನ್ನು ಪ್ರತಿದಿನವೂ ಅವನ ಮೇಲೆ ನಡೆಸಿತು. ೧೮೭೧ರ ಶಾಸನವನ್ನು ಮಾಡಿದವರು ಇದನ್ನು ತಮ್ಮ ದೇಶದಿಂದ ಹೊತ್ತುತರಬೇಕಾಗಿರಲಿಲ್ಲ; ಕಸುಬು ಕುಲದಿಂದ ಬರುವುದೆಂಬ ಮಾತು ಇಲ್ಲಿಯೇ ಅವರ ಕಿವಿಗೆ ಬಿದ್ದಿತ್ತು. ಐದನೆಯ ಶತಮಾನದ ಪ್ರಾರಂಭದಲ್ಲಿ ಬಂದ ಚೀನಾ ಯಾತ್ರಿಕ ಫಾಹಿಯಾನನು, ಚಂಡಾಲರು ಪಟ್ಟಣವನ್ನು ಹೊಗುವಾಗ ಮರದ ತುಂಡನ್ನು ಬಡಿದು ತಮ್ಮ ಬರವನ್ನು ತಿಳಿಸುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಆ ಸದ್ದೇ ಅವರ ಹೆಸರು. ಇತರರು ತನ್ನನ್ನು ದೂರವಿಡುವುದಕ್ಕೆ ಮೊದಲು ತಾನೇ ಸಾರಿ ದೂರವಿಡಿಸಿಕೊಳ್ಳುವ ಈ ಕ್ರಮವನ್ನು ಗಾಫ್‌ಮನ್ನನು ನೋಡಿದ್ದರೆ ಏನೆನ್ನುತ್ತಿದ್ದನೋ ತಿಳಿಯದು. ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನದ ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೆಗೆದುಹಾಕಿದೆ. ಅದು ಪ್ರಾಯಶ್ಚಿತ್ತವನ್ನು ಕೇಳಲಿಲ್ಲ. ಕೇಳಿದ್ದರೆ ಕೇಳಬೇಕಾದುದು ಇನ್ನೊಂದು ಕಡೆಯವರಿಂದ.

ಆ ಮರದ ಸದ್ದನ್ನು ನಾವು ತರಗತಿಗಳಲ್ಲಿ ಪ್ರತಿವರ್ಷವೂ ಕೇಳುತ್ತೇವೆ, ಕೇಳಿಸಿಕೊಳ್ಳುವುದಿಲ್ಲ. ಏಳನೆಯ ಶತಮಾನದ ಬಾಣಭಟ್ಟನ ಕಾದಂಬರಿಯ ಆರಂಭದಲ್ಲಿ ಚಂಡಾಲಕನ್ಯೆಯು ಗಿಳಿಯ ಪಂಜರದೊಡನೆ ಶೂದ್ರಕನ ಆಸ್ಥಾನಕ್ಕೆ ಬಂದು, ದೂರದಲ್ಲಿಯೇ ನಿಂತು, ಬಿದಿರಿನ ಕೋಲಿನಿಂದ ನೆಲವನ್ನು ಒಮ್ಮೆ ಕುಟ್ಟುತ್ತಾಳೆ. ಸಭೆಯೆಲ್ಲವೂ ತಿರುಗಿ ನೋಡುತ್ತದೆ. ಬ್ರಹ್ಮನು ಇವಳನ್ನು ಮುಟ್ಟದೆಯೇ ನಿರ್ಮಿಸಿರಬೇಕೆಂದು ರಾಜನು ಯೋಚಿಸುತ್ತಾನೆ. ನಾವು ಅಲ್ಲಿ ಉತ್ಪ್ರೇಕ್ಷಾಲಂಕಾರವನ್ನು ತೋರಿಸಿ, ಸಮಾಸಗಳನ್ನು ಬಿಡಿಸಿ, ಮುಂದಿನ ಪುಟಕ್ಕೆ ಹೋಗುತ್ತೇವೆ. ನಾಗವರ್ಮನ ಕರ್ಣಾಟಕ ಕಾದಂಬರಿಯನ್ನು ಕನ್ನಡದ ತರಗತಿಯಲ್ಲಿ ಹೇಳುವವರೂ ಹೀಗೆಯೇ ಮಾಡುತ್ತಿರಬಹುದು. ಕೋಲಿನಿಂದ ಕುಟ್ಟಿದುದೇಕೆ, ಬಾಗಿಲಲ್ಲಿ ನಿಂತ ಬೇರೆ ಯಾರೂ ಹೀಗೆ ಕುಟ್ಟಲಿಲ್ಲವೇಕೆ ಎಂದು ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಮೂವತ್ತು ವರ್ಷಗಳ ಪಾಠದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಬಾಣನ ಮಗನು ಪೂರ್ತಿಮಾಡಿದ ಉತ್ತರಭಾಗದ ಕೊನೆಯಲ್ಲಿ ಆ ಕನ್ಯೆಯು ಸಾಕ್ಷಾತ್ ಲಕ್ಷ್ಮಿಯೆಂದು ತಿಳಿಯುತ್ತದೆ. ಚಂಡಾಲಕನ್ಯೆಯೆಂದು ತೋರಿಸಿಕೊಳ್ಳುವುದಕ್ಕೆ ಅವಳಿಗೆ ಬೇಕಾದುದು ದೂರದಲ್ಲಿ ನಿಲ್ಲುವುದು, ಆ ಕೋಲು, ಮತ್ತು ತಿರುಗಿ ನೋಡುವ ಒಂದು ಸಭೆ.